ಕೊನೆಯ ಮನೆಯ ಜಗಲಿ

ಏಳು ಊರಿನ ಮಳೆಯೆಲ್ಲ ಒಂದೇ ಕೆರೆಗೆ ಹರಿದು ಬರುತ್ತಿದ್ದ ಕಾಲದಲ್ಲಿ, ಆ ಕೆರೆಯ ತೂಬು ಕಾಯುವ ಗಂಡಹೆಂಡಿರಿದ್ದರಂತೆ. ಏರಿಯ ಬುಡದಲ್ಲಿ ಸದಾ ಒಂದಿಷ್ಟು ನೀರು ಒಸರುತ್ತಿತ್ತು. ಕನ್ನಡಿಯಂಥ ತಿಳಿನೀರು. ಒಂದು ದಿನ ಅದು ಕೆಮ್ಮಣ್ಣು ಕಲಸಿದ ಹಾಗೆ ಬರತೊಡಗಿತು. ಏರಿ ಒಳಗೊಳಗೇ ಕರಗುತ್ತಿದೆ ಎಂದು ಇಬ್ಬರಿಗೂ ತಿಳಿಯಿತು. ಗಂಡ ಹಾರೆ ಹಿಡಿದು ಕೋಡಿಯ ಕಡೆ ಓಡುತ್ತ, ಕೊನೆಯ ಮನೆಯವರೆಗೂ ಹೇಳಿ ಬಾ ಎಂದ. ಹೇಳಿಯೇ ಬರುತ್ತೇನೆ ಎಂದು ಹೆಂಡತಿ ಮಾತು ಕೊಟ್ಟಳು. ಬೀದಿ ಬೀದಿ ಓಡಿದಳು. ಕೊನೆಯ ಮನೆ ದೊಡ್ಡವರದು. ಅದರ ಜಗಲಿಯನ್ನು ಅವಳ ಕಡೆಯವರು ಹತ್ತುವಂತಿರಲಿಲ್ಲ. ಬೀದಿಯಲ್ಲೇ ನಿಂತು ಎರಡು ಸಲ ಕೂಗಿದಳು. ಒಳಗೆ ರಾಗಿ ಬೀಸುವ ಸದ್ದು. ಯಾರೂ ಆಚೆ ಬರಲಿಲ್ಲ. ಕೇಳಿಸಿರಬಹುದು ಎಂದುಕೊಂಡು ತಿರುಗಿಬಿಟ್ಟಳು. ಏರಿ ಒಡೆಯಿತು. ಅಂದಿನಿಂದ ಅವಳು ಯಾವ ನೀರಿನ ಹತ್ತಿರ ಹೋದರೂ ಆ ನೀರು ಒಂದೇ ಮಾತು ಕೇಳುತ್ತದಂತೆ: ಹೇಳಿದೆಯಾ?

"ಆಮೇಲೆ?" ಎಂದು ಚಿಕ್ಕಂದಿನಲ್ಲಿ ಪ್ರಮೀಳಾ ಪ್ರತಿ ಸಲವೂ ಕೇಳುತ್ತಿದ್ದಳು. ಅಜ್ಜಿ ಸಿದ್ದಲಿಂಗಮ್ಮ ಕತೆಯನ್ನು ಅಲ್ಲಿಗೇ ನಿಲ್ಲಿಸಿ ಎಲೆಗೆ ಸುಣ್ಣ ಸವರುತ್ತಿದ್ದಳು. ಮುಂದಿನದು ತನಗೂ ಗೊತ್ತಿಲ್ಲ, ಎಲ್ಲ ನೀರೂ ಹೋಗಿ ಸೇರುವ ಸಮುದ್ರವನ್ನು ಒಂದು ಸಲ ಕಣ್ಣಾರೆ ಕಂಡರೆ ಗೊತ್ತಾದೀತು ಎನ್ನುತ್ತಿದ್ದಳು. ನಾನು ತೋರಿಸುತ್ತೇನೆ ಎಂದು ಏಳು ವರ್ಷದ ಪ್ರಮೀಳಾ ಅಜ್ಜಿಯ ಅಂಗೈ ಮೇಲೆ ಕೈ ಬಡಿದು ಹೇಳಿದ್ದಳು.

ಈಗ ಅವಳಿಗೆ ಇಪ್ಪತ್ತನಾಲ್ಕು. ಪಾಂಡವಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಟ್ರಂಕ್ ಕಾಲ್ ಸಿಗುವ ಮುಂಚೆ ಕಿವಿಯಲ್ಲಿ ಒಂದು ಮೊರೆತ ಕೇಳುತ್ತದಲ್ಲ, ಅದು ಸಮುದ್ರದ್ದೇ ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಎಷ್ಟೋ ಸಲ ಆ ಕಡೆಯವರು ಹಲೋ ಹಲೋ ಎಂದು ಬೈದ ಮೇಲೇ ಈ ಲೋಕಕ್ಕೆ ಬರುತ್ತಿದ್ದಳು. ಅಜ್ಜಿ ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಕೋಲು ಹಿಡಿದು ಹತ್ತಿಪ್ಪತ್ತು ಹೆಜ್ಜೆ ನಡೆದಾಳು. ಮೆಟ್ಟಿಲೆಂದರೆ ಆಗದು. ಇನ್ನು ತಡ ಮಾಡಿದರೆ ಕೊಟ್ಟ ಮಾತು ಮಾತಾಗಿಯೇ ಉಳಿಯುತ್ತದೆ ಎಂಬ ಭಯ ಪ್ರಮೀಳಾಗೆ ಹಿಡಿದಿತ್ತು.

ತೊಂಬತ್ತನಾಲ್ಕರ ಮೇ ತಿಂಗಳಲ್ಲಿ ಅಜ್ಜಿಯನ್ನು ಶ್ರೀರಂಗಪಟ್ಟಣದ ಮೂಳೆ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ, ಬಸ್‌ಸ್ಟ್ಯಾಂಡಿನ ಎದುರು ನರಸಯ್ಯನ ಅಂಗಡಿಗೆ ಹೋದರು. ಅವನು ಪ್ರವಾಸಕ್ಕೆ ಹೋಗುವವರಿಗೆ ರೂಮು, ವ್ಯಾನು ಗೊತ್ತು ಮಾಡಿ ಕೊಡುವವನು. ಮಂಗಳೂರಿನಾಚೆ ಒಂದು ಸಣ್ಣ ಊರು, ಅಲ್ಲಿ ಸಮುದ್ರದ ದಂಡೆಯಲ್ಲಿ ಬಾಡಿಗೆ ಮನೆಗಳಿವೆ ಎಂದು ಹೇಳಿ ಫೋಟೋ ಆಲ್ಬಮ್ಮು ಬಿಚ್ಚಿದ. ಎರಡು ತರಹದವು. ಹಿಂದೆ ದಿಬ್ಬದ ಮೇಲೆ ಎರಡಂತಸ್ತಿನ ಕಟ್ಟಡ, ಅದರ ಮೇಲಂತಸ್ತಿಗೆ ಸಮುದ್ರ ಕಾಣುತ್ತದೆ. ಮುಂದೆ ಮರಳಿಗೆ ತಾಗಿಕೊಂಡೇ ಐದು ಹೆಂಚಿನ ಮನೆಗಳ ಸಾಲು. ಮಂಚದ ಮೇಲೆ ಮಲಗಿ ತಲೆ ತಿರುಗಿಸಿದರೆ ಸಾಕು, ಕಿಟಕಿಯ ತುಂಬ ನೀರು.

ಪ್ರಮೀಳಾ ಆ ಕಿಟಕಿಯ ಫೋಟೋದ ಮೇಲೆ ಬೆರಳಿಟ್ಟವಳು ತೆಗೆಯಲಿಲ್ಲ. ಅಜ್ಜಿ ಮಾತ್ರ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚುತ್ತಿದ್ದಳು.

"ಇದ್ರಲ್ಲಿ ತೆಂಗಿನ್ಮರ ಏಳವೆ. ಇದ್ರಲ್ಲಿ ಐದು. ಇಲ್ನೋಡು, ನಾಕೇ," ಎಂದಳು. "ಮನೆ ಅದೇ ಮನೆ. ಮಿಕ್ಕಿದ್ದು ಎಲ್ಲೋದೊ?"

ಕೆರೆಯಲ್ಲಿ ನೀರೆಷ್ಟಿದೆ ಎಂದು ಕೆರೆ ಕಾಯುವ ನೀರುಗಂಟಿಗಳು ತೂಬಿನ ಕಲ್ಲು ಎಣಿಸಿ ಹೇಳುತ್ತಾರೆ. ಮೇಲೆ ಎಷ್ಟು ಕಲ್ಲು ಕಾಣುತ್ತದೆ, ಎಷ್ಟು ಮುಳುಗಿದೆ ಎಂದು. ಅಂಥ ಮನೆತನದ ಅಜ್ಜಿಗೆ ಆ ಲೆಕ್ಕದ ಕಣ್ಣು ಇನ್ನೂ ಹೋಗಿರಲಿಲ್ಲ. ನರಸಯ್ಯ ನಕ್ಕ. ಫೋಟೋ ತೆಗೆದವನು ಒಂದೊಂದು ಸಲ ಒಂದೊಂದು ಮೂಲೆಯಲ್ಲಿ ನಿಂತಿದ್ದಾನೆ, ಅಷ್ಟೇ ಎಂದ. ನಾವು ಸಮುದ್ರ ತೋರಿಸೋಕೆ ಕರೆದರೆ ನಿಮ್ಮಜ್ಜಿ ಮರ ಎಣಿಸ್ತಾರಲ್ಲಮ್ಮ ಎಂದು ತಮಾಷೆ ಮಾಡಿದ.

ನಾಲ್ಕು ಮರಗಳ ಫೋಟೋದಲ್ಲಿ ಹೆಂಚುಗಳ ಮೇಲೆ ಪಾಚಿ ಕಟ್ಟಿದ್ದನ್ನು ಪ್ರಮೀಳಾ ನೋಡಿದ್ದಳು. ಏಳು ಮರಗಳ ಫೋಟೋದಲ್ಲಿ ಹೆಂಚು ಹೊಸದಾಗಿ ಕೆಂಪಗಿದ್ದವು. ಹೆಂಚು ಹಳತಾದ ಹಾಗೆ ಮರ ಕಮ್ಮಿಯಾಗುತ್ತ ಬಂದಿದ್ದವು. ನೋಡಿದವಳು ಹಾಳೆ ಮಗುಚಿದಳು. ದಿಬ್ಬದ ಮೇಲಿನ ಕಟ್ಟಡಕ್ಕೆ ಇಪ್ಪತ್ತೆರಡು ಮೆಟ್ಟಿಲು. ಮುಂದಿನ ಸಾಲಿನದೇ ಬೇಕು ಎಂದಳು.

ಅಜ್ಜಿ ಮೊಮ್ಮಗಳ ಮುಖವನ್ನು ಒಂದು ಗಳಿಗೆ ನೋಡಿ, "ನಿನ್ನಿಷ್ಟ ಕಣವ್ವ," ಎಂದು ಕೋಲಿಗೆ ಕೈ ಚಾಚಿದಳು.

ಪ್ರಮೀಳಾಳ ಅಣ್ಣ ಚಿಕ್ಕಸ್ವಾಮಿ ನಾಗಮಂಗಲದಲ್ಲಿ ಮಟಾಡೋರ್ ವ್ಯಾನು ಓಡಿಸಿಕೊಂಡಿದ್ದ. ತಿಂಗಳ ಕೊನೆಯಲ್ಲಿ ಒಂದು ದಿನ ಹೊತ್ತು ಮೂಡುವ ಮೊದಲೇ ಸಂತೆಬಾಚಹಳ್ಳಿ ಹತ್ತಿರದ ತಮ್ಮೂರಿಗೆ ಬಂದು, ಹಿಂದಿನ ಸೀಟಿನ ಮೇಲೆ ಹಾಸಿಗೆ ಹಾಸಿ ಅಜ್ಜಿಯನ್ನು ಮಲಗಿಸಿದ. ಕಾಯುವುದಕ್ಕೆ ಕೆರೆ ಸಾಕಾಗಲಿಲ್ಲವೇನವ್ವ, ಸಮುದ್ರಕ್ಕೇ ತೂಬು ಇಡಲು ಹೊರಟಿದ್ದೀಯಾ ಎಂದು ರೇಗಿಸಿದ. ನಾಗಮಂಗಲದಲ್ಲಿ ಡೀಸೆಲ್ ಹಾಕಿಸಲು ನಿಲ್ಲಿಸಿದಾಗ ಅಜ್ಜಿ ನಿದ್ದೆಹೋಗಿದ್ದಳು. ಅಜ್ಜಿಯ ಕತೆಗೆ ಕೊನೆ ಈ ಸಲವಾದರೂ ಸಿಗುತ್ತದೆ ಎಂದು ಪ್ರಮೀಳಾ ಸಂತೋಷದಿಂದ ಹೇಳಿದಳು. ಚಿಕ್ಕಸ್ವಾಮಿ ಟೀ ಲೋಟ ಕೆಳಗಿಟ್ಟ.

"ಅದು ಕತೆ ಅಂತ್ಲೇ ಅನ್ಕಂಡಿದ್ದೀಯ ಇನ್ನೂವೆ? ಅದು ನಮ್ಮಜ್ಜಿದೇ ಕಣಮ್ಮಿ."

ಅಪ್ಪ ಸಾಯುವ ಮುಂಚೆ ಚಿಕ್ಕಸ್ವಾಮಿಯೊಬ್ಬನಿಗೆ ಹೇಳಿದ್ದನಂತೆ. ಏರಿ ಒಡೆದ ವರ್ಷ ಅಪ್ಪ ಎದೆಹಾಲಿನ ಕೂಸು. ಅಜ್ಜಿ ಅವನನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಿದ್ದು. ಕೊನೆಯ ಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದವಳು ಆ ಮನೆಯ ಸೊಸೆ, ತೊಟ್ಟಿಲಲ್ಲಿ ಅವಳ ಮಗು. ಇಬ್ಬರೂ ಉಳಿಯಲಿಲ್ಲ. ತಾತ ಚಲುವಯ್ಯ ಮತ್ತೆ ನಲವತ್ತು ವರ್ಷ ಬದುಕಿದ್ದರೂ ಆ ಮನೆಗೆ ಹೇಳಿದೆಯಾ ಎಂದು ಹೆಂಡತಿಯನ್ನು ಒಂದು ಸಲವೂ ಕೇಳಲಿಲ್ಲವಂತೆ.

"ಅವ್ನು ಕೇಳ್ನಿಲ್ಲ. ಅದ್ಕೇ ನೀರು ಕೇಳ್ತದೆ ಅಂತಾಳೆ," ಎಂದ ಚಿಕ್ಕಸ್ವಾಮಿ.

ವ್ಯಾನು ಬೆಳ್ಳೂರು ದಾಟಿ ಹೆದ್ದಾರಿ ಹಿಡಿಯಿತು. ಇಷ್ಟು ವರ್ಷ ಆಮೇಲೆ ಆಮೇಲೆ ಎಂದು ಪೀಡಿಸಿದ್ದು ನೆನಪಾಗಿ ಪ್ರಮೀಳಾಗೆ ಹಿಂದಕ್ಕೆ ತಿರುಗಿ ಅಜ್ಜಿಯ ಮುಖ ನೋಡುವುದಕ್ಕೂ ಆಗಲಿಲ್ಲ. ಘಟ್ಟ ಇಳಿಯುವಾಗ ಮೋಡ ತಗ್ಗಿಗೆ ಬಂದು ವ್ಯಾನಿನ ಗಾಜು ಒರೆಸಿಕೊಂಡು ಹೋಗುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಅವರು ಮುಟ್ಟಿದಾಗ ಐದು ಮನೆಗಳ ಮುಂದೆ ಎರಡೇ ತೆಂಗಿನ ಮರಗಳಿದ್ದವು. ಒಂದರ ಬೇರು ಅರ್ಧ ಆಚೆ ಬಂದು ಜೋತಾಡುತ್ತಿತ್ತು. ಅವರದು ಸಾಲಿನ ಮೊದಲ ಮನೆ. ಜಗಲಿಯಿಂದ ಮರಳಿಗೆ ಐದು ಮೆಟ್ಟಿಲು. ಮನೆಗಳನ್ನು ನೋಡಿಕೊಳ್ಳುವ ತನಿಯಪ್ಪ ಎಂಬವನು ಬೀಗ ತೆಗೆದುಕೊಟ್ಟ. ಮರ ಎಲ್ಲಿ ಹೋದವು ಎಂದು ಕೇಳಿದ್ದಕ್ಕೆ, "ಎಂತದೂ ಹೆದರುದು ಬೇಡ. ಮಳೆಗಾಲದ ಮೊದಲು ಪ್ರತಿ ವರ್ಷ ಹೀಗೇ," ಎಂದ.

ಚಿಕ್ಕಸ್ವಾಮಿ ಅಜ್ಜಿಯನ್ನು ಎತ್ತಿ ತಂದು ಮಂಚದ ಮೇಲೆ ಕೂರಿಸಿದ. ಪ್ರಮೀಳಾ ಕಿಟಕಿ ತೆರೆದಳು. ಬೂದಿಬಣ್ಣದ ನೀರು ಕಣ್ಣು ಹೋಗುವವರೆಗೂ ಎದ್ದು ಎದ್ದು ಬರುತ್ತಿತ್ತು. ಹದಿನೇಳು ವರ್ಷ ಕಾದ ಗಳಿಗೆ ಇದು. ಅಜ್ಜಿ ನಗಲಿಲ್ಲ, ಕೈ ಮುಗಿಯಲೂ ಇಲ್ಲ. ಯಾರೋ ಮಾತಾಡುತ್ತಿರುವುದನ್ನು ಕೇಳಿಸಿಕೊಳ್ಳುವವಳ ಹಾಗೆ ಕತ್ತು ಓರೆ ಮಾಡಿ ಕೂತಳು. ಮೊಮ್ಮಗಳು ಪಕ್ಕದಲ್ಲಿ ಕೂತು ಅಜ್ಜಿಯ ಕೈ ಹಿಡಿದುಕೊಂಡಳು. ಆಮೇಲೆ ಎಂದು ಈ ಸಲ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿಯೇ ಚಿಕ್ಕಸ್ವಾಮಿಯನ್ನು ಕರೆದು, ಮೆಟ್ಟಿಲ ಪಕ್ಕ ಜಗಲಿಯ ಕಲ್ಲುಗಳ ಸಂದಿಯಿಂದ ನೀರು ಇಳಿಯುತ್ತಿದ್ದರೆ ಒಂದು ಲೋಟ ಹಿಡಿದು ತಾ ಎಂದಳು. ಅಲೆ ಹಿಂದೆ ಸರಿದಾಗ ಸಂದಿಗಳಿಂದ ನೀರು ಇಳಿಯುತ್ತಲೇ ಇತ್ತು. ಅಜ್ಜಿ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿತ್ತು. ನಾಳೆಯೂ ತಾ ಎಂದಳು.

ಸಾಯಂಕಾಲ ಕೊನೆಯ ಮನೆಯವರು ಮರಳಿನ ಮೇಲೆ ಅಡ್ಡಾಡುತ್ತ ಬಂದರು. ಅರಕೆರೆಯ ಪುಟ್ಟಸ್ವಾಮಿ, ಅವರ ಹೆಂಡತಿ ಚಿಕ್ಕಬೋರಮ್ಮ, ಮೂರು ವರ್ಷದ ಮೊಮ್ಮಗಳು ಚಿನ್ನು. ನಾಲೆ ನೀರಿನ ಗದ್ದೆ, ಕಬ್ಬು ಇರುವ ಕುಳ. ಅವರನ್ನೂ ಕಳಿಸಿದ್ದು ನರಸಯ್ಯನೇ. ನಮ್ಮ ಕಡೆಯವರು ಸಿಕ್ಕರಲ್ಲ ಎಂದು ಪುಟ್ಟಸ್ವಾಮಿ ಮೊದಲು ಬಲು ಆದರದಿಂದ ಮಾತಾಡಿದರು. ಯಾವೂರು ಎಂದರು. ಊರಲ್ಲಿ ಯಾವ ಬೀದಿ ಎಂದರು. ಚಿಕ್ಕಸ್ವಾಮಿ ಹೇಳಿದ. ಅವರು ಓಹೋ ಎಂದು ಸಮುದ್ರದ ಕಡೆ ನೋಡಿದರು. ಮಗುವಿಗೆ ಪ್ರಮೀಳಾ ಕೊಟ್ಟ ಬಿಸ್ಕತ್ತು ಅದರ ಕೈಯಲ್ಲೇ ಉಳಿಯಿತು. ಅಜ್ಜಿ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಮೆಟ್ಟಿಲು ನಾಲ್ಕಿದ್ದವು. ಐದನೆಯದು ಮುಳುಗಿರಲಿಲ್ಲ, ಕಳಚಿಕೊಂಡು ಹೋಗಿತ್ತು. ಬೇರು ಕಿತ್ತ ತೆಂಗಿನ ಮರವೂ ಇರಲಿಲ್ಲ. ಲೋಟದ ನೀರು ಆಗಲೂ ತಿಳಿಯೇ. ಊರಿಗೆ ಹೋಗೋಣ ಎಂದು ಪ್ರಮೀಳಾ ಅಳುವ ದನಿಯಲ್ಲಿ ಹೇಳಿದಳು. ಆಲ್ಬಮ್ಮಿನಲ್ಲಿ ಪಾಚಿ ನೋಡಿಯೂ ಹೇಳದೆ ಇದ್ದುದನ್ನು ಆಗ ಒಪ್ಪಿಕೊಂಡಳು. ಅಜ್ಜಿ ಅವಳ ತಲೆ ಸವರಿ, ಅದು ತನಗೂ ಕಂಡಿತ್ತು ಎಂದಳು. ತಾನು ಬಂದಿರುವುದು ನೋಡುವುದಕ್ಕಲ್ಲ, ಸ್ವಲ್ಪ ತಾಳು ಎಂದಳು.

ಮಧ್ಯಾಹ್ನ ಊಟವಾಗಿ ತಟ್ಟೆ ತೊಳೆಯುವ ಹೊತ್ತಿಗೆ ನೀರು ಏರತೊಡಗಿತು. ಎರಡು ಗಂಟೆಗೆ ಚಿಕ್ಕಸ್ವಾಮಿ ಮತ್ತೆ ಲೋಟ ಹಿಡಿದು ತಂದ. ಅಜ್ಜಿಯ ಮುಂದಿಟ್ಟ. ಕೆಂಪಗಿತ್ತು. ಜಗಲಿಯ ಕೆಳಗೆ ತುಂಬಿದ್ದ ಮಣ್ಣನ್ನು ಸಮುದ್ರ ಒಳಗಿಂದಲೇ ಎಳೆದುಕೊಳ್ಳುತ್ತಿತ್ತು.

ಸಿದ್ದಲಿಂಗಮ್ಮ ಕೋಲು ಹಿಡಿದು ಎದ್ದು ನಿಂತಳು.

ಎರಡನೆಯ, ಮೂರನೆಯ ಮನೆಗಳಿಗೆ ಬೀಗ ಹಾಕಿತ್ತು. ನಾಲ್ಕನೆಯ ಮನೆಯಲ್ಲಿದ್ದ ಮೇಷ್ಟರ ಮನೆಯವರು ಪ್ರಮೀಳಾಳ ಮಾತು ಕೇಳಿ, ಒಡೆದ ಮೆಟ್ಟಿಲು ನೋಡಿ, ಚೀಲ ಎತ್ತಿಕೊಂಡು ಹಿಂದಿನ ದಿಬ್ಬಕ್ಕೆ ಹೋದರು. ಕೊನೆಯ ಮನೆಗೂ ತಾನೇ ಓಡಿಹೋಗಿ ಕೂಗಿ ಬರುತ್ತೇನೆ ಎಂದಳು ಪ್ರಮೀಳಾ. ನಿನ್ನನ್ನು ಎತ್ತಿಕೊಂಡು ಹೋಗುತ್ತೇನೆ ಎಂದ ಚಿಕ್ಕಸ್ವಾಮಿ. ಅಜ್ಜಿ ಇಬ್ಬರ ಕೈಯನ್ನೂ ಬಿಡಿಸಿಕೊಂಡಳು. ಮನೆಗಳ ಹಿಂದಿನ ಗಟ್ಟಿ ನೆಲದ ಮೇಲೆ ನಡೆದಳು. ಹತ್ತು ಹೆಜ್ಜೆಗೊಮ್ಮೆ ನಿಂತಳು, ಮತ್ತೆ ನಡೆದಳು. ಅವರು ಬಿಟ್ಟು ಬಂದ ಮನೆಯ ಕಡೆಯಿಂದ, ತುಂಬಿದ ಕಣಜದ ಬಾಯಿ ಕಿತ್ತಂಥ ಸದ್ದು ಬಂತು. ಜಗಲಿ ಕುಸಿದಿತ್ತು. ಅವಳು ಹಿಂದೆ ತಿರುಗಲಿಲ್ಲ.

ಪುಟ್ಟಸ್ವಾಮಿ ಜಗಲಿಯ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದರು. ಅಲೆಯ ಅಬ್ಬರದಲ್ಲಿ ಆ ಸದ್ದು ಅವರಿಗೆ ಕೇಳಿಸಿರಲಿಲ್ಲ. ಪಕ್ಕದ ಓಣಿಯಿಂದ ಬಂದವಳನ್ನು ಕಂಡು ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕಂಡು ಯೋಳವ್ವ. ಕೇಳ್ತದೆ."

ಪಕ್ಕದ ಮೆಟ್ಟಿಲು ಮೂರು. ಸಿದ್ದಲಿಂಗಮ್ಮ ಕೋಲನ್ನು ಮೊದಲ ಮೆಟ್ಟಿಲ ಮೇಲಿಟ್ಟಳು. ಎರಡು ವರ್ಷದಿಂದ ಒಂದು ಹೊಸ್ತಿಲನ್ನೂ ಒಬ್ಬಳೇ ದಾಟದವಳು. ಹಿಂದೆ ನಿಂತಿದ್ದ ಪ್ರಮೀಳಾ ಅಜ್ಜಿಯ ಸೊಂಟ ನಡುಗುವುದನ್ನು ನೋಡಿದಳು. ಹಿಡಿದುಕೊಳ್ಳಲು ಕೈ ಚಾಚಿ, ಯಾಕೋ ಹಿಂದಕ್ಕೆ ತೆಗೆದುಕೊಂಡಳು. ಒಂದು. ಎರಡು. ಮೂರನೆಯದಕ್ಕೆ ಅಜ್ಜಿ ಅಂಗೈ ಊರಿ, ಮಗುವಿನ ಹಾಗೆ ಮೊಣಕಾಲು ಹಾಕಿ ಹತ್ತಿದಳು. ಜಗಲಿಯ ಮೇಲೆ ನೆಟ್ಟಗೆ ನಿಂತಳು.

"ಕಲ್ಲಿನ ಸಂದೀಲಿ ನೀರು ಬಣ್ಣ ತಿರ್ಗದೆ," ಎಂದಳು.

ಪುಟ್ಟಸ್ವಾಮಿಯವರ ಮುಖದ ಗಂಟು ಹಾಗೇ ನಿಂತಿತು. ನಾಲೆಯ ಏರಿಯ ಮೇಲೆ ಐವತ್ತು ವರ್ಷ ಓಡಾಡಿದ ಮನುಷ್ಯ ಅವರು. ಕಾಲು ಕೆಳಗಿಟ್ಟರು.

"ತಿಳಿಯೋ, ಕದಡೋ?"

"ಕದಡು."

ಅವರು ಎದ್ದು ಜಗಲಿಯ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಮಗು, ಮಗು ಎಂದಷ್ಟೇ ತಡವರಿಸಿದರು. ಅಷ್ಟರಲ್ಲಿ ಸಿದ್ದಲಿಂಗಮ್ಮ ಬಾಗಿಲು ದಾಟಿದ್ದಳು. ನಡುಮನೆ ದಾಟಿದಳು. ಒಳಗಿನ ಕೋಣೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಚಿಕ್ಕಬೋರಮ್ಮ ಮೊಮ್ಮಗಳನ್ನು ತಬ್ಬಿಕೊಂಡು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಹೊರಗಿನಿಂದ ಯಾರು ಎಷ್ಟು ಕೂಗಿದ್ದರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಸಿದ್ದಲಿಂಗಮ್ಮ ಅವರ ಭುಜ ಹಿಡಿದು ಅಲುಗಿಸಿದಳು. "ಎದ್ದೇಳವ್ವ. ನೀರು ಬತ್ತಾ ಅದೆ. ಕೂಸ್ನ ಎತ್ಕೊ."

ಚಿಕ್ಕಬೋರಮ್ಮ ಯಾರು ಏನು ಎಂದು ಕೇಳಲಿಲ್ಲ. ಕೂಸನ್ನು ಎದೆಗೆ ಹಾಕಿಕೊಂಡು ಎದ್ದರು. ಹಿಂದೆ ಪುಟ್ಟಸ್ವಾಮಿ, ಹಿತ್ತಲ ಬಾಗಿಲಿನಿಂದ ಆ ಮನೆಯವರೆಲ್ಲ ದಿಬ್ಬದ ದಾರಿ ಹಿಡಿದರು. ಚಿಕ್ಕಸ್ವಾಮಿ ಒಳಗೆ ಓಡಿಬಂದು ಅಜ್ಜಿಯನ್ನು ಎತ್ತಿಕೊಂಡ. ಅವಳು ಒಂದು ಗಳಿಗೆ ನಿಲ್ಲು ಎಂದಳು.

ಅವನ ತೋಳಿನಲ್ಲಿ ಕೂತೇ ಕಿಟಕಿಯ ಕಡೆ ತಿರುಗಿದಳು. ನೀರು ಜಗಲಿಯ ಮಟ್ಟಕ್ಕೆ ಬಂದು ಕಿಟಕಿಯ ಆಚೆ ಎದ್ದು ನಿಂತಿತ್ತು, ಉತ್ತರಕ್ಕೆ ಕಾದಿರುವ ಹಾಗೆ.

"ಯೋಳ್ದೆ," ಎಂದಳು ಅಜ್ಜಿ. "ಒಳಮನೆ ಗಂಟ ಓಗಿ ಯೋಳ್ದೆ."