ಪರಾತದ ಮರಳಿಗಿಳಿದ ಹೆಣಿಗೆ ಕಡ್ಡಿ

ನಾನು ಒಂದು ಹೆಣಿಗೆ ಕಡ್ಡಿ. ಅಲ್ಯೂಮಿನಿಯಂ ಮೈ, ಒಂದು ತುದಿಗೆ ಮೊನೆ, ಇನ್ನೊಂದಕ್ಕೆ ಗುಂಡುತಲೆ. ದೂರದ ಕಾರ್ಖಾನೆಯೊಂದರಲ್ಲಿ ತಂತಿ ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟು ನನ್ನನ್ನು ಮಾಡಿದರು. ಜೊತೆಗೊಂದು ಜೋಡಿಯನ್ನೂ ಕೊಟ್ಟರು. ಸ್ವೆಟರ್ ಹೆಣೆಯುವುದೇ ನಮ್ಮ ಹುಟ್ಟಿನ ಕೆಲಸ. ಅದರ ಬಗ್ಗೆ ನನಗೆ ಜಂಭ ಇತ್ತು, ಸುಳ್ಳು ಯಾಕೆ ಹೇಳಲಿ?

ದಂಡಿನ ಬಜಾರಿನಲ್ಲಿ ನಮ್ಮನ್ನು ಕೊಂಡವಳು ಕಸ್ತೂರಿ, ಗೋಕಾಕದ ಕಡೆಯ ಹೆಣ್ಣುಮಗಳು. ಗಂಡ ಸಿದ್ರಾಮ ಸೇನೆಯಲ್ಲಿ ಸಿಪಾಯಿ. ಸೇತುವೆ ಕಟ್ಟುವ ಕೆಲಸ ಎಂದು ಅವನು ಹೇಳಿದ್ದನ್ನು ನಂಬಿಕೊಂಡು ಅವಳು ಕ್ವಾರ್ಟರ್ಸಿಗೆ ಬಂದಿದ್ದಳು. ಅಕ್ಕಪಕ್ಕದ ಸಿಪಾಯಿಗಳ ಹೆಂಡಂದಿರನ್ನು ನೋಡಿ ಹೆಣೆಯಲು ಕಲಿತಳು.

ಒಂದು ಸಂಜೆ ಸಿದ್ರಾಮ ರೊಟ್ಟಿ ಹಿಟ್ಟು ನಾದುವ ಪರಾತದ ತುಂಬ ಮರಳು ಸುರಿದುಕೊಂಡು ಬಂದ. ನನ್ನನ್ನು ಎತ್ತಿಕೊಂಡು ಹೆಂಡತಿಗೆ ನಿಜ ಹೇಳಿದ. ಈಗ ತರಬೇತಿ ನಡೆದಿರುವುದು ನೆಲಬಾಂಬು ಹುಡುಕುವುದಕ್ಕೆ. ಮೇಲಿನಿಂದ ಚುಚ್ಚಿದರೆ ಸಿಡಿಯುತ್ತದೆ. ಇಂಥ ಕಡ್ಡಿಯನ್ನು ಓರೆಯಾಗಿ, ಮೆಲ್ಲಗೆ ತೂರಿಸಿ ಅದರ ಪಕ್ಕವನ್ನು ಮುಟ್ಟಬೇಕು. ಬಾಂಬಿನ ಬದಲಿಗೆ ಹುಗಿಯಲು ಕಸ್ತೂರಿ ಔಷಧಿ ಬಾಟಲಿಯ ಮುಚ್ಚಳಗಳನ್ನು ಹುಡುಕಿ ತಂದಳು.

ಅಂದಿನಿಂದ ಅದೇ ಕೆಲಸ. ಅವನು ಗೋಡೆಗೆ ಮುಖ ಮಾಡಿ ನಿಲ್ಲುವನು, ಅವಳು ಮುಚ್ಚಳ ಹುಗಿಯುವಳು, ಅವನು ತಿರುಗಿ ಕೂತು ನನ್ನಿಂದ ಹುಡುಕುವನು. ಉಣ್ಣೆಯಲ್ಲಿ ಓಡಾಡಿದ ನನ್ನ ಮೈಯೆಲ್ಲ ಗೀರು! ಆದರೂ ಒಂದು ಸಂಗತಿ ನನಗೆ ಗೊತ್ತಾಗಿತ್ತು. ಪಾಪ, ದಣಿದು ಬಂದಿರುತ್ತಾರೆ, ಬೇಗ ಸಿಗಲಿ ಎಂದು ಕಸ್ತೂರಿ ರಂಗೋಲಿಯ ಚುಕ್ಕಿ ಇಟ್ಟಂತೆ ಸಾಲಾಗಿ ಹುಗಿಯುತ್ತಿದ್ದಳು. ಎರಡು ಸಿಕ್ಕರೆ ಉಳಿದವು ತಾವಾಗಿಯೇ ಸಿಗುತ್ತಿದ್ದವು. ತನ್ನ ಕೈ ಪಳಗಿತು ಎಂದು ಅವನು ಹಿಗ್ಗಿದ.

ಮೈದಾನದ ಪರೀಕ್ಷೆಯಲ್ಲಿ ಹಿಗ್ಗು ಇಳಿಯಿತು. ಸಾಲು ಹಿಡಿದು ಹುಡುಕಲು ಹೋಗಿ ಸಿದ್ರಾಮ ಅಣಕು ಬಾಂಬಿನ ಮೇಲೆಯೇ ಕೈ ಊರಿದ್ದ. ತರಬೇತಿ ಕೊಡುವವರು ಸೀಟಿ ಊದಿ, ನೀನು ಸತ್ತೆ, ಎದ್ದು ಹೋಗು ಎಂದರಂತೆ. ಇನ್ನೊಂದು ಅವಕಾಶ ಇದೆ ಎಂದು ಹೇಳಿ ಅವನು ಊಟಕ್ಕೆ ಕೂತ. ಆ ಸಾಲು ಯಾರು ಕಲಿಸಿದ್ದೆಂದು ಕಸ್ತೂರಿಗೆ ಗೊತ್ತಿತ್ತು.

ಮರುದಿನ ಅವನು ಹೊರಗೆ ಹೋದ ಮೇಲೆ ಅವಳು ಪರಾತದ ಮುಂದೆ ಕೂತಳು. ಇವನು ಎಲ್ಲಿ ಮೈಮರೆಯುತ್ತಾನೆ, ಯಾವ ಕಡೆ ಅವಸರ ಮಾಡುತ್ತಾನೆ ಎಂದು ಒಂದೊಂದೇ ನೆನೆದಳು. ಗಂಡನ ಸ್ವಭಾವ ಹೆಂಡತಿಗೆ ಗೊತ್ತಿರುವಷ್ಟು ಯಾವ ವೈರಿಗೆ ಗೊತ್ತಿರುತ್ತದೆ? ಹುಡುಕಲು ಶುರುಮಾಡುವ ಮೊದಲೇ ಅವನು ಎಡಗೈ ಊರುವ ಜಾಗವೊಂದಿತ್ತು. ಮುಚ್ಚಳವನ್ನು ಅಲ್ಲಿಯೇ ಹುಗಿದಳು.

ಸಂಜೆ ಅವನು ಸೋತ. ಮರುದಿನವೂ ಸೋತ. ಸಾಕು ಮಾರಾಯ್ತಿ ಎಂದು ಬೇಡಿಕೊಂಡರೂ ಅವಳು ಬಿಡಲಿಲ್ಲ, ಮತ್ತೆ ಗೋಡೆ ಕಡೆ ತಿರುಗಿಸಿ ನಿಲ್ಲಿಸಿದಳು. ಕೊನೆಗೆ ಅವನು ನನ್ನನ್ನು ಆಲಿಸುವುದನ್ನು ಕಲಿತ. ನನ್ನ ಮೊನೆಗೆ ಏನು ತಾಗಿತೋ ಅದು ಅವನ ಬೆರಳಿಗೆ ತಿಳಿಯತೊಡಗಿತು. ಎರಡನೆಯ ಪರೀಕ್ಷೆಯಲ್ಲಿ ಪಾಸಾದ, ಗಡಿಗೆ ಹೊರಟೂ ಹೋದ. ಕಸ್ತೂರಿ ಅವನಿಗೆಂದು ಹೆಣೆದ ಸ್ವೆಟರಿನ ಕುಣಿಕೆಗಳು ಎಷ್ಟು ಬಿಗಿ ಎಂದರೆ ನನಗೆ ಒಳಗೆ ತೂರುವುದೇ ಕಷ್ಟವಾಗುತ್ತಿತ್ತು.

ರಜೆಗೆ ಬಂದವನು ಚಹಾ ಕುಡಿಯುತ್ತ ತಾನಾಗಿಯೇ ಹೇಳಿದ.

"ಒಂದ್ ಕಡೆ ಎಡಗೈ ಊರಬೇಕಂತಿದ್ನಿ. ನೀ ಆಗಿದ್ದರ ಎಲ್ಲಿ ಹುಗಿತಿದ್ದಿ ಅಂತ ನೆನಪಾತು. ಕೈ ಹಿಂದ ತಗೊಂಡು ಹುಡುಕಿದೆ. ಅಲ್ಲೇ ಇತ್ತು ನೋಡು."

ಕಸ್ತೂರಿ ಸೆರಗು ಬಾಯಿಗೊತ್ತಿಕೊಂಡಳು.

"ಅವತ್ತ ನಿಮ್ಮ ಜೀವಾ ತೆಗಿಯೋರಂಗ ಕುಂತು ವಿಚಾರ ಮಾಡೀನ್ರಿ ನಾ."

"ಅದಕ್ಕ ಜೀವಂತ ಬಂದೀನಿ."

ಈಗ ನನಗೆ ವಯಸ್ಸಾಗಿದೆ. ಮೊನೆ ಮೊಂಡಾಗಿದೆ, ಮೈ ಬಾಗಿದೆ, ಉಣ್ಣೆ ನನ್ನನ್ನು ಸೇರಿಸಿಕೊಳ್ಳುವುದಿಲ್ಲ. ಜೋಡಿಯೂ ಎಲ್ಲೋ ಕಳೆದುಹೋಯಿತು. ಪಿಂಚಣಿ ಪಡೆದ ಸಿದ್ರಾಮನ ಪಾಯಜಾಮಕ್ಕೆ ಲಾಡಿ ಪೋಣಿಸುವುದೊಂದೇ ನನಗೆ ಉಳಿದ ಕೆಲಸ. ಸ್ವೆಟರ್ ಹೆಣೆಯಲು ಹುಟ್ಟಿ ಇದೇನು ಗತಿ ಎಂದು ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಅಷ್ಟರಲ್ಲಿ ಅವನು ಆ ಪಾಯಜಾಮ ತೊಟ್ಟು, ಎರಡೂ ಕಾಲಿನ ಮೇಲೆ ನಡೆದು, ಹಾಲು ತರಲು ಹೋಗುತ್ತಾನೆ.