ಶೆಡ್ಡಿನ ಹಿಂದಿನ ಹದಿನೈದು ನಿಮಿಷ

ಎರಡನೆಯ ಏಟಿಗೇ ತಾನು ಬೀಳುವುದಾಗಿಯೂ, ಆಮೇಲೆ ಅಕ್ಷರಾ ತನ್ನ ಮೇಲೆ ಕೂತು ಜಡೆ ಹಿಡಿಯಬೇಕೆಂದೂ, ಗಂಟೆ ಹೊಡೆಯುವವರೆಗೆ ಇಬ್ಬರೂ ಮಣ್ಣಲ್ಲಿ ಹೊರಳಾಡಿದರೆ ಸಾಕೆಂದೂ ಅಂಬಿಕ ಗಣಿತದ ಪಿರಿಯಡ್ಡಿನಲ್ಲಿ ಪಿಸುಗುಟ್ಟಿ ಒಪ್ಪಿಸಿದ್ದಳು. ನೋವಾಗದ ಹಾಗೆ ಹೊಡೆಯುವುದು ಹೇಗೆಂದು ಬೆಂಚಿನ ಕೆಳಗೆ ಅಕ್ಷರಾಳ ತೊಡೆಗೆ ಗುದ್ದಿ ತೋರಿಸಿಯೂ ಇದ್ದಳು. ಈಗ ಶೆಡ್ಡಿನ ಹಿಂದೆ ಮೂವತ್ತು ಮಕ್ಕಳ ನಡುವೆ ನಿಂತ ಅಕ್ಷರಾಳಿಗೆ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅವಳು ಈ ಶಾಲೆಯ ಏಳನೇ ಕ್ಲಾಸಿಗೆ ಸೇರಿ ಮೂರು ವಾರವಾಗಿತ್ತು. ಅಪ್ಪ ಶಶಿಧರ್‌ಗೆ ಈ ಚಿನ್ನದ ಗಣಿಯ ಊರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ದಾವಣಗೆರೆಯಿಂದ ಸಾಮಾನು ಕಟ್ಟಿಕೊಂಡು ಬಂದಿದ್ದರು. ಮೊದಲ ದಿನ ಹಾಜರಿ ಕರೆದಾಗ ಅವಳು ಎದ್ದು ನಿಂತು "ಹೌದ್ರೀ" ಅಂದಿದ್ದಳು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ಅವಳ ಹೆಸರೇ ಹೌದ್ರೀ. ಅಕ್ಷರಾ ಎಂದು ಕರೆಯುತ್ತಿದ್ದವಳು ಪಕ್ಕದ ಉರಿಗಾಮಿನಿಂದ ಬರುತ್ತಿದ್ದ ಅಂಬಿಕ ಒಬ್ಬಳೇ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟವಳೂ ಅವಳೇ, ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧ ಪಾಲು ಕೊಟ್ಟು ತಮಿಳಿನ ನಾಲ್ಕು ಬೈಗುಳ ಕಲಿಸಿದವಳೂ ಅವಳೇ.

ಬೆಳಗಿನ ವಿರಾಮ ಹದಿನೈದು ನಿಮಿಷ. ಮೇಷ್ಟ್ರುಗಳು ಚಹಾಕ್ಕೆ ಕೂರುತ್ತಿದ್ದ ಹೊತ್ತು ಅದು. ಎಂಟನೇ ಕ್ಲಾಸಿನ ರವಿಕಿರಣ್ ಸೈಕಲ್ ಶೆಡ್ಡಿನ ಹಿಂದೆ ಹಿಮ್ಮಡಿಯಿಂದ ಮಣ್ಣಿನಲ್ಲಿ ಒಂದು ವೃತ್ತ ಎಳೆದು ಇಬ್ಬರ ಕಡೆ ಬೆರಳು ತೋರಿಸುತ್ತಿದ್ದ. ಆ ಇಬ್ಬರು ಒಳಗೆ ಹೋಗಿ ಹೊಡೆದಾಡಬೇಕು. ಒಲ್ಲೆ ಎಂದವರಿಗೆ ಸುತ್ತ ನಿಂತವರೆಲ್ಲ ಸೇರಿ ಹೊಡೆಯುತ್ತಿದ್ದರು. ಮೇಷ್ಟ್ರಿಗೆ ಹೇಳಿದವರು ದಿನಾ ವೃತ್ತದೊಳಗೇ. ಅವನು ಆರಿಸುತ್ತಿದ್ದದ್ದು ಜಗಳಗಂಟರನ್ನಲ್ಲ, ಒಂದೇ ಡಬ್ಬಿಯಲ್ಲಿ ಉಣ್ಣುವವರನ್ನು. ಇವತ್ತು ತಮ್ಮಿಬ್ಬರ ಸರದಿ ಎಂದು ಅಂಬಿಕ ಬೆಳಿಗ್ಗೆಯೇ ಊಹಿಸಿದ್ದಳು.

"ಶುರು ಮಾಡ್ರಮ್ಮ" ಎಂದ ರವಿಕಿರಣ್, ಶೆಡ್ಡಿನ ಕಂಬಕ್ಕೆ ಒರಗಿ.

ಅಂಬಿಕ ಮುಂದೆ ಬಂದು ಅಕ್ಷರಾಳ ಭುಜಕ್ಕೆ ಹೊಡೆದಳು. ಸದ್ದು ಜೋರಾಗಿತ್ತು, ನೋವು ಇರಲಿಲ್ಲ. ಅಕ್ಷರಾ ತಿರುಗಿ ಹೊಡೆದಳು, ಅದೂ ಹಾಗೇ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತ "ಹೌದ್ರೀ, ಹೌದ್ರೀ" ಎಂದು ಹಾಡಿನ ಹಾಗೆ ಕೂಗತೊಡಗಿದರು. ಆ ಕೂಗಿನ ನಡುವೆ ಅಂಬಿಕ ಅವಳ ತೋಳು ಹಿಡಿದು ಎಳೆದಾಡುತ್ತ, ತಮ್ಮ ನಾಟಕ ನೋಡಿ ತಾನೇ ತಡೆಯಲಾರದೆ, ಕಿಸಕ್ಕನೆ ನಕ್ಕುಬಿಟ್ಟಳು.

ಆ ನಗು ತನ್ನ ಮೇಲಲ್ಲ ಎಂದು ಅಕ್ಷರಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಮುಷ್ಟಿ ಹೋಗಿ ಆ ನಗುವ ಬಾಯಿಗೇ ಬಡಿಯಿತು. ಅಂಬಿಕ ತಟ್ಟನೆ ನಿಂತು, ಲೆಕ್ಕ ತಪ್ಪಿದವಳನ್ನು ನೋಡುವಂತೆ ಅವಳನ್ನು ನೋಡಿದಳು. ಅಕ್ಷರಾ ಮತ್ತೆ ಹೊಡೆದಳು. ಅಂಬಿಕ ಬಿದ್ದಳು, ಈ ಸಲ ಬೀಳಬೇಕೆಂದು ಬಿದ್ದದ್ದಲ್ಲ. ಅಕ್ಷರಾ ಅವಳ ಎದೆಯ ಮೇಲೆ ಮಂಡಿಯೂರಿ, ಎರಡೂ ಜಡೆ ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದಳು. ಮುಖ ಪಕ್ಕಕ್ಕೆ ಹೊರಳಿ, ಅಲ್ಲಿ ಹೂತಿದ್ದ ಹಳೆಯ ಇಟ್ಟಿಗೆಯ ಅಂಚಿಗೆ ಬಾಯಿ ತಾಗಿ ಕಟಕ್ ಎಂದಿತು. ಅಕ್ಷರಾ ನಿಲ್ಲಿಸಲಿಲ್ಲ. ಮೂರು ವಾರದಿಂದ ಎದೆಯಲ್ಲಿ ಗಂಟು ಕಟ್ಟಿದ್ದದ್ದು ಏಟಿಗೊಂದಿಷ್ಟು ಸಡಿಲವಾಗುತ್ತಿತ್ತು. ಹಾಯೆನಿಸುತ್ತಿತ್ತು. ಕೂಗು ಯಾವಾಗಲೋ ನಿಂತುಹೋಗಿತ್ತು. ಅದು ಅವಳಿಗೆ ತಿಳಿದದ್ದು ಗಂಟೆ ಹೊಡೆದಾಗಲೇ.

ಪಿ.ಟಿ. ಮೇಷ್ಟ್ರು ಜವರಯ್ಯ ಬೆತ್ತ ಬೀಸುತ್ತ ಬರುವ ಹೊತ್ತಿಗೆ ವೃತ್ತ ಅಳಿಸಿಹೋಗಿತ್ತು, ಮಕ್ಕಳು ಚದುರಿದ್ದರು. ಅಂಬಿಕ ಒಬ್ಬಳೇ ಕೂತು ರಕ್ತ ಉಗುಳುತ್ತಿದ್ದಳು. ಮುಂದಿನ ಹಲ್ಲು ಅರ್ಧಕ್ಕೆ ಮುರಿದಿತ್ತು. ಯಾರು ಹೊಡೆದದ್ದು ಎಂದು ಅವರು ಮೂರು ಸಲ ಕೇಳಿದರು, ಮೂರು ಸಲವೂ ಅವಳು ಬಿದ್ದೆ ಎಂದಳು. ಸುಳ್ಳು ಹೇಳಿದ್ದಕ್ಕೆಂದು ಎರಡೂ ಅಂಗೈಗೆ ಎರಡೆರಡು ಬಿಗಿದರು. ಕ್ಲಾಸಿನ ಬಾಗಿಲಲ್ಲಿ ನಿಂತು ಅಕ್ಷರಾ ಆ ನಾಲ್ಕನ್ನೂ ಕೇಳಿಸಿಕೊಂಡಳು.

ಹೆಡ್‌ಮಿಸ್ ಶ್ಯಾಮಲ ಫೋನು ಮಾಡಿ ಅಂಬಿಕಳ ಅಪ್ಪನನ್ನು ಕರೆಸಿದರು. ಆರುಮುಗಂ ರಾಬರ್ಟ್‌ಸನ್‌ಪೇಟೆಯಲ್ಲಿ ಆಟೋ ಓಡಿಸುತ್ತಿದ್ದವನು, ಖಾಕಿ ಅಂಗಿಯಲ್ಲೇ ಬಂದ. ದೊಡ್ಡ ಆಳು. ಅವನು ಕಿರುಚಾಡುತ್ತಾನೆಂದು ಎಲ್ಲರೂ ಕಾದರು. ಅವನು ಮಗಳ ಗದ್ದ ಎತ್ತಿ, ತುಟಿ ಬಿಡಿಸಿ, ಹಲ್ಲು ನೋಡಿದ. ಆಮೇಲೆ ಅವಳ ಪಕ್ಕದಲ್ಲಿ ಕೂರುವವಳು ಯಾರೆಂದು ಕೇಳಿದ. ಅಕ್ಷರಾಳನ್ನು ಕರೆತಂದರು.

"ನೀನೇ ಅಲ್ವಾಮ್ಮ ಅಕ್ಷರಾ? ಮನೇಲಿ ದಿನಾ ನಿನ್ ಸುದ್ದೀನೇ ಏಳ್ತಾಳೆ" ಎಂದ. ದನಿ ಮೆತ್ತಗಿತ್ತು. "ಯಾರಾನಾ ಒಡೆದ್ರಾ, ಇಲ್ಲಾ ಇವ್ಳೇ ಬಿದ್ಲಾ? ನೀನ್ ಏಳಿದ್ರೆ ನಂಬ್ತೀನಿ."

ಅಕ್ಷರಾ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಬೆರಳ ಗೆಣ್ಣುಗಳು ಸುಲಿದು ಉರಿಯುತ್ತಿದ್ದವು. ಅಂಬಿಕ ಅವಳತ್ತ ನೋಡಲಿಲ್ಲ, ಗೋಡೆಯ ಮೇಲಿನ ಭೂಪಟ ನೋಡುತ್ತಿದ್ದಳು.

"ಬಿದ್ಲು ರೀ" ಎಂದಳು ಅಕ್ಷರಾ.

ಆರುಮುಗಂ ತಲೆಯಾಡಿಸಿದ. ಮರುಗಳಿಗೆ ಅವನ ಕೈ ಬೀಸಿ ಅಂಬಿಕಳ ಕೆನ್ನೆಗೆ ಬಿತ್ತು. ಹೆಣ್ಣುಮಗಳು ಕಣ್ಣು ಬಿಟ್ಟು ನಡೆಯಬಾರದೇ, ಇನ್ನು ಈ ಬಾಯಿ ಇಟ್ಟುಕೊಂಡು ಏನು ಮಾಡುತ್ತೀಯ ಎಂದು ತಮಿಳಿನಲ್ಲಿ ಬೈಯುತ್ತ ಅವಳ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡ. ಗೇಟಿನ ಹತ್ತಿರ ಅವನು ತೋಳಿನಿಂದ ಕಣ್ಣು ಒರೆಸಿಕೊಂಡದ್ದು ಕಿಟಕಿಯಿಂದ ಅಕ್ಷರಾಳಿಗೆ ಕಾಣಿಸಿತು.

ಮನೆಯಲ್ಲಿ ಅಮ್ಮ ಕೈ ಹಿಡಿದು ಇದೇನೆಂದು ಕೇಳಿದಾಗ ಖೋಖೋ ಎಂದಳು. ಮಗಳು ಅಂತೂ ಆಟಕ್ಕೆ ಸೇರಿದಳಲ್ಲ ಎಂದು ಶಶಿಧರ್ ಖುಷಿಪಟ್ಟ. ಅಕ್ಷರಾ ಊಟ ಬಿಟ್ಟು ಮಲಗಿದಳು.

ಎರಡು ದಿನ ಬಿಟ್ಟು ಅಂಬಿಕ ಬಂದಳು. ತುಟಿ ಊದಿತ್ತು. ನೇರ ಹೋಗಿ ಮುಂದಿನ ಬೆಂಚಿನಲ್ಲಿ ಅರ್ಚನಳ ಪಕ್ಕ ಕೂತಳು. ಅಕ್ಷರಾಳನ್ನು ಈಗ ಯಾರೂ ಹೌದ್ರೀ ಎನ್ನುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೋದರೆ ಸಾಲು ತಾನಾಗಿ ಸರಿದು ದಾರಿ ಬಿಡುತ್ತಿತ್ತು. ಯಾರೋ ಚಿಕ್ಕಿ ತಂದುಕೊಟ್ಟರು. ಅದನ್ನು ಅವಳು ತಿನ್ನಲೂ ಇಲ್ಲ, ಎಸೆಯಲೂ ಇಲ್ಲ.

ಅವತ್ತು ವಿರಾಮದಲ್ಲಿ ರವಿಕಿರಣ್ ಅವಳನ್ನು ತನ್ನ ಪಕ್ಕದ ಕಂಬದ ಹತ್ತಿರ ಕರೆದು ನಿಲ್ಲಿಸಿಕೊಂಡ. ವೃತ್ತ ಆಗಲೇ ಎಳೆದಾಗಿತ್ತು. ಆರನೇ ಕ್ಲಾಸಿನ ಅಕ್ಕಪಕ್ಕದ ಮನೆಯ ಇಬ್ಬರು ಹುಡುಗಿಯರು, ಅನು ಮತ್ತು ನವ್ಯ, ತಮ್ಮ ಸರದಿಯೇ ಎಂದು ಗೊತ್ತಾಗಿ ಕೈ ಕೈ ಹಿಡಿದು ನಿಂತಿದ್ದರು.

"ಇವತ್ತು ನೀನೇ ಬೆಟ್ಟು ತೋರ್ಸಮ್ಮ" ಎಂದ ಅವನು. "ಯಾರ್ಯಾರು?"

ಅಕ್ಷರಾ ವೃತ್ತದೊಳಗೆ ಹೋಗಿ ನಿಂತಳು. ತಿರುಗಿ ಅವನ ಕಡೆ ಬೆರಳು ತೋರಿಸಿದಳು.

ಅವನು ನಕ್ಕ. ಸುತ್ತ ಯಾರೂ ನಗಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು ಅವನು ಒಳಗೆ ಬಂದ. ಮೊದಲ ಗುದ್ದು ಅವಳ ಹೊಟ್ಟೆಗೆ, ಎರಡನೆಯದು ಮೂಗಿಗೆ. ಕಣ್ಣು ಕತ್ತಲಿಟ್ಟಿತು. ಬಿದ್ದವಳ ಪಕ್ಕೆಗೆ ಒದ್ದ. ಎದ್ದಳು, ಮತ್ತೆ ಬಿದ್ದಳು. ಮೂರನೆಯ ಸಲ ಅವನು ಜಡೆಗೆ ಕೈ ಹಾಕಿದಾಗ ಅವಳು ಅವನ ಮುಂಗೈಗೆ ಹಲ್ಲು ಊರಿದಳು. ಅವನು ಬೆನ್ನಿಗೆ ಗುದ್ದಿದ, ಅವಳು ಬಿಡಲಿಲ್ಲ. ತಲೆಗೆ ಗುದ್ದಿದ, ಬಿಡಲಿಲ್ಲ. ಉಪ್ಪುಪ್ಪು ರಕ್ತ ಬಾಯಿಗೆ ಬಂತು. ಆಗ ಅವನು ಅಮ್ಮಾ ಎಂದು ಅಳತೊಡಗಿದ, ಚಿಕ್ಕ ಮಗುವಿನ ಹಾಗೆ, ಎಲ್ಲರ ಮುಂದೆ. ಆ ಅಳು ಕೇಳಿದರೆ ಹಾಯೆನಿಸುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಹಲ್ಲು ಸಡಿಲಿಸಿ ಅವನ ಕೈ ಬಿಟ್ಟಳು.

ಇಬ್ಬರಿಗೂ ಜವರಯ್ಯನ ಬೆತ್ತದ ರುಚಿ ಸಿಕ್ಕಿತು. ಈ ಸಲ ಅಕ್ಷರಾ ಎಲ್ಲವನ್ನೂ ಹೇಳಿದಳು, ಅಂಬಿಕಳ ಹಲ್ಲನ್ನೂ ಸೇರಿಸಿ. ನಾಳೆ ಅಪ್ಪನನ್ನು ಕರೆದುಕೊಂಡು ಬರಬೇಕೆಂದು ಶ್ಯಾಮಲ ಮಿಸ್ ಬರೆದುಕೊಟ್ಟ ಚೀಟಿಯನ್ನು ಹಿಡಿದು ಕ್ಲಾಸಿಗೆ ಬಂದು ಕಿಟಕಿಯ ಪಕ್ಕ ತನ್ನ ಜಾಗದಲ್ಲಿ ಕೂತಳು. ಮೂಗಿಗೆ ಒತ್ತಿದ್ದ ಕರವಸ್ತ್ರ ನೆನೆದಿತ್ತು.

ಮಧ್ಯಾಹ್ನದ ಗಾಳಿ ಎದ್ದು ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳನ್ನು ಹೊತ್ತು ತಂದಿತು. ಸಮಾಜದ ಮೇಷ್ಟ್ರು ಪಾಠ ನಿಲ್ಲಿಸದೆಯೇ ಕಿಟಕಿ ಮುಚ್ಚಲು ಸನ್ನೆ ಮಾಡಿದರು. ಅಕ್ಷರಾ ಎದ್ದು ಬಾಗಿಲುಗಳನ್ನು ಎಳೆದಳು. ಊದಿದ ಬೆರಳಿಗೆ ಚಿಲಕ ಸಿಗಲಿಲ್ಲ. ಗಾಳಿ ಮತ್ತೆ ಮತ್ತೆ ಕಿತ್ತುಕೊಳ್ಳುತ್ತಿತ್ತು. ಮುಂದಿನ ಬೆಂಚಿನಿಂದ ಅಂಬಿಕ ಎದ್ದು ಬಂದಳು. ಅಕ್ಷರಾ ಎರಡೂ ಬಾಗಿಲನ್ನು ಒಳಕ್ಕೆ ಎಳೆದು ಹಿಡಿದಳು. ಅಂಬಿಕ ತುಕ್ಕು ಹಿಡಿದ ಚಿಲಕವನ್ನು ಕೆಳಕ್ಕೆ ಜಗ್ಗಿ ಕೂರಿಸಿ, ಅಂಗೈಗೆ ಅಂಟಿದ ಬಿಳಿ ಧೂಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ತನ್ನ ಬೆಂಚಿಗೆ ಹೋದಳು.