ಜೋಡಿ ಸಿಗದ ಹದಿಮೂರನೆಯವಳು

ನಮ್ಮ ಸಿಟಿ ಸ್ಕ್ಯಾನ್ ತರಗತಿಯಲ್ಲಿ ಹದಿಮೂರು ಜನ. ಅಭ್ಯಾಸಕ್ಕೆ ಇಬ್ಬಿಬ್ಬರ ಜೋಡಿ: ಒಬ್ಬರು ರೋಗಿಯಾಗಿ ಮೇಜಿನ ಮೇಲೆ ಮಲಗಬೇಕು, ಇನ್ನೊಬ್ಬರು ಟೆಕ್ನಿಷಿಯನ್. ಕಿರಣ ಹಾಯಿಸುವಂತಿಲ್ಲ, ಮಿಕ್ಕಿದ್ದೆಲ್ಲ ನಿಜದಂತೆಯೇ. ಜೋಡಿ ಸಿಗದೆ ಉಳಿದವಳು ನಾನು. ಉಳಿದವರಿಗೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರು, ನನಗೆ ನಲವತ್ತೊಂದು.

ಮೊದಲ ವಾರ ಮುಂದಿನ ಬೆಂಚಿನ ಹುಡುಗಿಯರಿಬ್ಬರು ಬಂದು, "ಅಕ್ಕಾ, ನಮ್ ಜೊತೆ ಸೇರ್ಕೊಳ್ಳಿ. ಮೂರು ಜನ ಆದ್ರೆ ಏನಂತೆ?" ಅಂದಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ.

"ಹದಿನೈದು ವರ್ಷ ಎಕ್ಸ್‌ರೇ ತೆಗೆದಿದ್ದೀನಿ. ನಿಮ್ಮ ಆಟಕ್ಕೆಲ್ಲ ನನ್ನನ್ನ ಕರೀಬೇಡಿ" ಅಂದುಬಿಟ್ಟೆ. ಆಮೇಲೆ ಯಾರೂ ನನ್ನ ತಂಟೆಗೆ ಬರಲಿಲ್ಲ.

ನನ್ನ ಪಾಲಿಗೆ ಉಳಿದದ್ದು ಆಳೆತ್ತರದ ಪ್ಲಾಸ್ಟಿಕ್ ಬೊಂಬೆ. ಅದು ಹೆದರುವುದಿಲ್ಲ, ಕೆಮ್ಮುವುದಿಲ್ಲ. ಕೈ ಎತ್ತು ಅಂದರೆ ಎತ್ತುವುದಿಲ್ಲ, ನಾನೇ ಎತ್ತಿಡಬೇಕು. ಬರಬರುತ್ತಾ ನಾನೂ ಅದರ ಮುಂದೆ ಬಾಯಿ ಬಿಡುವುದನ್ನು ನಿಲ್ಲಿಸಿದೆ. ಎಷ್ಟೋ ದಿನ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ, ಬೆಳಗಿನಿಂದ ಯಾರೊಡನೆಯೂ ಒಂದು ಮಾತಾಡಿಲ್ಲ ಎಂದು ಹೊಳೆಯುತ್ತಿತ್ತು. ಅಳು ಬರುತ್ತಿತ್ತು. ಆದರೂ ನನ್ನ ಬಿಗುಮಾನ ಬಿಡಲಿಲ್ಲ.

ತರಗತಿಯ ಕೊನೆಯ ಪರೀಕ್ಷೆ ಪಾಸಾದರೆ ಮಾತ್ರ ಆಸ್ಪತ್ರೆಯಲ್ಲಿ ನನ್ನ ಹಳೆಯ ಕೆಲಸ ಉಳಿಯುತ್ತಿತ್ತು. ನಿಯಮ ಕಟ್ಟುನಿಟ್ಟು: ನಮ್ಮ ತಪ್ಪಿನಿಂದ ರೋಗಿಗೆ ಎರಡನೇ ಸಲ ಸ್ಕ್ಯಾನ್ ಮಾಡಬೇಕಾಗಿ ಬಂದರೆ ಫೇಲು.

ಪರೀಕ್ಷೆಯ ದಿನ ನಿಜವಾದ ರೋಗಿಗಳು. ನನಗೆ ಕೊಟ್ಟವರು ನಿವೃತ್ತ ಬಸ್ ಡ್ರೈವರ್; ಎದೆಯ ಸ್ಕ್ಯಾನ್. ಚೀಟಿ ನೋಡಿ ಖಾತ್ರಿ ಮಾಡಿಕೊಂಡೆ, ಮಲಗಿಸಿದೆ, ಅವರ ಕೈಗಳನ್ನು ತಲೆಯ ಮೇಲಕ್ಕೆ ನಾನೇ ಎತ್ತಿಟ್ಟೆ.

"ಹೇಳಿದ್ರೆ ನಾನೇ ಎತ್ತಲ್ವೇನಮ್ಮಾ? ಇನ್ನೂ ಜೀವ ಇದೆ ಕಣಮ್ಮ" ಎಂದು ನಕ್ಕರು. ನಾನು ನಗಲಿಲ್ಲ. ಗಾಜಿನ ಈಚೆ ಬಂದು ಕೂತು, ಅಳತೆ ಸರಿಮಾಡಿ, ಗುಂಡಿ ಒತ್ತಿದೆ.

ಪರದೆಯ ಮೇಲೆ ಶ್ವಾಸಕೋಶದ ಚಿತ್ರ ಕಲಸಿಹೋಗಿತ್ತು. ಮೈಕು ನನ್ನ ಮುಂದೆಯೇ ಇತ್ತು. ಉಸಿರು ಹಿಡಿದುಕೊಳ್ಳಿ ಎಂದು ನಾನು ಹೇಳಿಯೇ ಇರಲಿಲ್ಲ! ಹದಿನೈದು ವರ್ಷ, ದಿನಕ್ಕೆ ಐವತ್ತು ಸಲ ಹೇಳಿದ ಮಾತು.

ಎರಡನೇ ಸ್ಕ್ಯಾನನ್ನು ಪರೀಕ್ಷಕಿಯೇ ಮಾಡಿದರು. ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು.

"ನಿಮ್ಮ ಕೈ ಚೆನ್ನಾಗಿದೆ" ಎಂದರು. "ಮುಂದಿನ ತಿಂಗಳು ಇನ್ನೊಂದೇ ಅವಕಾಶ. ಅಷ್ಟರಲ್ಲಿ ಬೊಂಬೆ ಬಿಟ್ಟು ಮನುಷ್ಯರನ್ನ ಮಲಗಿಸಿ ಅಭ್ಯಾಸ ಮಾಡಿ. ಜೊತೆಯವರನ್ನ ಕೇಳಿ, ಬರ್ತಾರೆ."

ಹೊರಗೆ ಓಣಿಯಲ್ಲಿ ಆ ಹುಡುಗಿಯರಿಬ್ಬರೂ ನಿಂತಿದ್ದರು. ಇಬ್ಬರೂ ಪಾಸು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನನ್ನು ಕಂಡು ನಗು ನಿಲ್ಲಿಸಿದರು. ಎದುರಿಗೆ ಹೋಗಿ ನಿಂತೆ. ಕೇಳಬೇಕಾದದ್ದು ಒಂದೇ ಮಾತು: ನನ್ನ ಜೊತೆ ಅಭ್ಯಾಸಕ್ಕೆ ಬರ್ತೀರಾ?

"ಏನಾದ್ರೂ ಬೇಕಿತ್ತಾ, ಮೇಡಂ?" ಎಂದಳು ಒಬ್ಬಳು. ಅಕ್ಕ ಅನ್ನುವುದನ್ನು ಬಿಟ್ಟು ಯಾವ ಕಾಲವಾಯಿತೋ, ನಾನು ಗಮನಿಸಿಯೇ ಇರಲಿಲ್ಲ.

"ಏನಿಲ್ಲ" ಅಂದೆ.

ಅವರು ಕ್ಯಾಂಟೀನಿನ ಕಡೆ ಹೊರಟರು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ತುಂಬಾ ಹೊತ್ತು ಇದ್ದರು. ನಾನು ಕೂಗಲಿಲ್ಲ.